ನವಿಲು ಮರಿ: ಗಂಡೋ ಹೆಣ್ಣೋ, ಹೆಂಗ ಗುರುತಿಸಬೇಕು?



ನವಿಲು ನಮ್ಮ ರಾಷ್ಟ್ರಪಕ್ಷಿ. 1963ರಲ್ಲಿ ಅದಕ್ಕೆ ಈ ಗೌರವ ಕೊಟ್ಟರು. ನಮ್ಮ ಸಿಂದಗಿ ತಾಲೂಕಿನ ಮಕ್ಕಳು ನವಿಲು ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ಮುಂಜಾನೆ ಹೊಲಕ್ಕೆ ಹೋದರೆ ತೊಗರಿ ಸಾಲಿನಾಗ, ಹಳ್ಳದ ದಂಡ್ಯಾಗ, ಜಾಲಿ ಕಂಟಿ ಕೆಳಗ ಎಲ್ಲಿ ಬೇಕಲ್ಲಿ ಕಾಣತಾವ. ಮಳಿ ಮೋಡ ಆದರೆ ಅವುಗಳ ಕೂಗು ನಮ್ಮ ಸಾಲಿ ಕಿಟಕಿತನಕ ಕೇಳತದ. ನಾವೆಲ್ಲ ಸಣ್ಣವರಿದ್ದಾಗ ನವಿಲುಗರಿಯನ್ನು ಪುಸ್ತಕದೊಳಗ ಇಟ್ಟು, ಪೆನ್ಸಿಲ್ ಕೆತ್ತಿದ ಸಿಪ್ಪಿ ಹಾಕಿ, ಗರಿ ಮರಿ ಹಾಕತದ ಅಂತ ದಿನಾ ತೆಗೆದು ನೋಡುತ್ತಿದ್ದೆವು. ಗರಿ ಮರಿ ಹಾಕಲಿಲ್ಲ. ಆದರೆ ಹೋದ ವರ್ಷ ನಮ್ಮ ಹೊಲದಾಗ ಖರೇ ನವಿಲೇ ಮರಿ ಮಾಡಿತು. ಆ ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ನಮ್ಮ ಮನ್ಯಾಗ ದೊಡ್ಡ ವಾದ ನಡೆಯಿತು. ಆ ವಾದದಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮರಿ ಸಿಕ್ಕದ್ದು ಹೆಂಗ?

ಮಣ್ಣೆತ್ತಿನ ಅಮಾಸಿ ಆಗಿ ನಾಕೈದು ದಿನ ಆಗಿತ್ತು. ನಾನು ಮುತ್ಯಾನ ಸಂಗಾಟ ಹೊಲಕ್ಕೆ ಹೋಗಿದ್ದೆ. ಬದುವಿನ ಮ್ಯಾಲಿನ ಕಂಟಿ ಹತ್ತಿರ ಕಾಲಿಡುವಾಗ ನೆಲವೇ ಎದ್ದು ಹಾರಿದಂಗ ಆಯಿತು. ಹೆಣ್ಣು ನವಿಲು ಅಲ್ಲಿ ಕುಳಿತಿತ್ತು. ಮಣ್ಣಿನ ಬಣ್ಣಕ್ಕೂ ಅದರ ಬೆನ್ನಿನ ಬಣ್ಣಕ್ಕೂ ಫರಕೇ ಇರಲಿಲ್ಲ. ಕೆಳಗ ನೋಡಿದರೆ ಗೂಡು ಅನ್ನುವಂಥದ್ದು ಏನೂ ಇಲ್ಲ. ನೆಲ ಸ್ವಲ್ಪ ಕೆದರಿ ತಗ್ಗು ಮಾಡಿ ಐದು ತತ್ತಿ ಇಟ್ಟಿತ್ತು. ತತ್ತಿ ಕೋಳಿ ತತ್ತಿಗಿಂತ ದೊಡ್ಡವು, ಬಣ್ಣ ಕೆನಿ ಹಾಲಿನಂಗ.

ನಾನು ಕೈ ಹಚ್ಚಾಕ ಹೋದೆ. ಮುತ್ಯಾ ತಡೆದ.

"ಮುಟ್ಟಬ್ಯಾಡ ಮಗಳ. ನಾವು ಪದೇ ಪದೇ ಅಡ್ಡಾಡಿದ್ರ ತಾಯಿ ಗೂಡು ಬಿಡತದ. ಮತ್ತ ನಾಯಿ ನಮ್ಮ ಹೆಜ್ಜಿ ಹಿಂದ ಬರತಾವ."

ಅವತ್ತಿನಿಂದ ನಾವು ಆ ಬದು ಬಿಟ್ಟು ಸುತ್ತು ಹಾಕಿ ಹೋಗಲು ಶುರು ಮಾಡಿದೆವು. ನವಿಲು ತತ್ತಿಗೆ ಕಾವು ಕೊಡುವುದು ಸುಮಾರು 28 ದಿನ. ಅಷ್ಟೂ ದಿನ ತಾಯಿ ಒಂದೇ ಕುಳಿತಿರತದ. ಗಂಡು ಕಾವಿಗೂ ಬರಂಗಿಲ್ಲ, ಮರಿ ಸಾಕಾಕೂ ಬರಂಗಿಲ್ಲ. ನಾಗರ ಪಂಚಮಿಗೆ ನಾವು ಉಂಡಿ ತಿನ್ನುವ ಹೊತ್ತಿಗೆ ತಾಯಿ ನಾಕು ಮರಿ ಕರಕೊಂಡು ತೊಗರಿಯಾಗ ಅಡ್ಡಾಡುತ್ತಿತ್ತು. ಒಂದು ತತ್ತಿ ಒಡೆದಿರಲಿಲ್ಲ.

ನವಿಲು ಮರಿ ಗುಬ್ಬಿ ಮರಿಯಂಗ ಕಣ್ಣು ಮುಚ್ಚಿಕೊಂಡು ಗೂಡಿನಾಗ ಬಿದ್ದಿರುವುದಿಲ್ಲ. ಕೋಳಿ ಮರಿಯಂಗ ಹುಟ್ಟಿದ ಕೂಡಲೇ ನಡೆಯುತ್ತದೆ. ತಾಯಿ ತೋರಿಸಿದ್ದನ್ನು ತಾನೇ ಹೆಕ್ಕಿ ತಿನ್ನುತ್ತದೆ. ಹುಟ್ಟಿದಾಗಲೇ ರೆಕ್ಕಿಯಾಗ ಗರಿ ಇರುವುದರಿಂದ ಒಂದೆರಡು ವಾರದಾಗ ಪುರ್ ಅಂತ ಹಾರಿ ಗಿಡದ ಟೊಂಗಿ ಹತ್ತಿ ತಾಯಿಯ ರೆಕ್ಕಿ ಕೆಳಗ ಮಲಗುತ್ತದೆ.

ವಾದ ಶುರು ಆಯಿತು

ನಾಕರಾಗ ಒಂದನ್ನು ಎಂಟು ದಿನದೊಳಗ ಮುಂಗಲಿ ಒಯ್ದಿತು. ಮೂರು ಉಳಿದವು. ಅದರಾಗ ಒಂದು ಸ್ವಲ್ಪ ಎಡಗಾಲು ಕುಂಟುತ್ತಿತ್ತು. ಕುಂಟಿದರೂ ಅದೇ ಎಲ್ಲಕ್ಕಿಂತ ಮುಂದ. ಮೋಟು ಬಾಲ ಬಿಚ್ಚಿ ದೊಡ್ಡ ನವಿಲಿನಂಗ ಕುಣಿಯುತ್ತಿತ್ತು. ನಾನು ಅದಕ್ಕೆ ರಾಜಾ ಅಂತ ಹೆಸರಿಟ್ಟೆ. "ಇದು ಗಂಡು, ಕುಣಿಯುವುದು ಗಂಡೇ" ಅಂದೆ. ನಮ್ಮ ಅಣ್ಣ, "ಕುಣಿದ ಮಾತ್ರಕ್ಕ ಗಂಡು ಹೆಂಗ ಆಗತದ? ನೀನೂ ಗಣಪತಿ ಮುಂದ ಕುಣಿತಿಯಲ್ಲ?" ಅಂದ. ಕಡೆಗೆ ಪಂಥ ಕಟ್ಟಿದೆವು. ಸೋತವರು ಎಳ್ಳ ಅಮಾಸಿಗೆ ತಮ್ಮ ಪಾಲಿನ ಶೇಂಗಾ ಹೋಳಿಗಿ ಗೆದ್ದವರಿಗೆ ಕೊಡಬೇಕು.

ಮುತ್ಯಾನ ಕೇಳಿದರೆ, "ಗರಿ ಬರೂತನಕ ಎಲ್ಲಾ ಒಂದs. ಗರಿ ಬಂದ ಮ್ಯಾಲ ಗಂಡು ಅನ್ನೂದು" ಅಂದ. ಗರಿ ಬರಲು ಎಷ್ಟು ವರ್ಷ ಬೇಕು ಅಂತ ಕೇಳಿದರೆ ನಕ್ಕ. ಅದಕ್ಕೇ ನಾನು ನಮ್ಮ ವಿಜ್ಞಾನದ ಸರ್ ಹತ್ತಿರ ಹೋದೆ. ಅವರು "ಬಾಲ ನೋಡಬ್ಯಾಡ, ರೆಕ್ಕಿ ನೋಡು" ಅಂದರು. ಆ ಒಂದು ಮಾತಿನಿಂದ ಎಲ್ಲಾ ತಿಳಿಯಿತು.

ಮೊದಲು ದೊಡ್ಡ ನವಿಲಿನ ಗುರುತು

ದೊಡ್ಡವು ಗೊತ್ತಿದ್ದರೆ ಮರಿ ತಿಳಿಯುವುದು ಸುಲಭ.

ಗಂಡು: ತಲೆ, ಕುತ್ತಿಗೆ, ಎದೆ ಹೊಳೆಯುವ ನೀಲಿ. ಭುಜದ ಹತ್ತಿರ ಕಪ್ಪು ಮತ್ತು ಕೆನಿ ಬಣ್ಣದ ಸಣ್ಣ ಸಣ್ಣ ಪಟ್ಟಿ. ರೆಕ್ಕಿ ಬಿಚ್ಚಿದರೆ ತುದಿಯ ಉದ್ದ ಗರಿಗಳು ಸ್ವಾಮಿಗಳ ಕಾವಿ ಬಟ್ಟೆಯಂಗ ಕಾಣುತ್ತವೆ. ತೂಕ 4ರಿಂದ 6 ಕಿಲೋ.

ಹೆಣ್ಣು: ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಬಿಳಿ. ಕುತ್ತಿಗೆಯ ಕೆಳಭಾಗ ಮಾತ್ರ ಹೊಳೆಯುವ ಹಸಿರು. ರೆಕ್ಕಿಯ ಗರಿ ಕಂದು, ಅದರಾಗ ಕಾವಿ ಇಲ್ಲ. ತೂಕ ಸುಮಾರು 3ರಿಂದ 4 ಕಿಲೋ. ಉದ್ದ ಗರಿ ಇಲ್ಲ.

ನಾವು ನವಿಲಿನ ಬಾಲ ಅನ್ನುವುದು ನಿಜವಾಗಿ ಬಾಲ ಅಲ್ಲ. ಬಾಲದ ಮೇಲ್ಭಾಗದಲ್ಲಿ ಬೆಳೆಯುವ ಗರಿಗಳು ಅವು. ಒಂದು ಗಂಡಿಗೆ ಸುಮಾರು 200 ಇರುತ್ತವೆ. ಖರೇ ಬಾಲ ಅದರ ಕೆಳಗ ಇರತದ. ಅದು ಮೋಟು, ಕಂದು ಬಣ್ಣ. ಗಂಡು ಗರಿ ಬಿಚ್ಚಿದಾಗ ಹಿಂದಿನಿಂದ ನೋಡಿ, ಆ ಮೋಟು ಬಾಲ ಗರಿಗಳಿಗೆ ಆಸರೆ ಕೊಟ್ಟು ನಿಂತಿರುವುದು ಕಾಣುತ್ತದೆ.

ಹೆಣ್ಣು ಯಾಕ ಮಣ್ಣಿನ ಬಣ್ಣ? ನೆಲದ ಮ್ಯಾಲ ತತ್ತಿ ಇಟ್ಟು 28 ದಿನ ಕೂಡಬೇಕಲ್ಲ. ನೀಲಿ ಬಣ್ಣ ಇದ್ದರೆ ನರಿ ನಾಯಿಗೆ ದೂರದಿಂದಲೇ ಕಾಣುತ್ತಿತ್ತು. ಗಂಡು ಯಾಕ ಅಷ್ಟು ಚಂದ? ಹೆಣ್ಣು ಚಂದ ಇದ್ದವನನ್ನೇ ಆರಿಸುತ್ತದೆ, ಅದಕ್ಕೇ ಅಂತ ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿ 1871ರಲ್ಲಿ ಪುಸ್ತಕ ಬರೆದು ಹೇಳಿದರು. ಅಂದರೆ ನವಿಲಿನೊಳಗ ವರನ ಪರೀಕ್ಷೆ ಮಾಡುವವಳು ಕನ್ಯೆ!

ಮರಿಯ ಗುರುತು, ವಯಸ್ಸಿನ ಪ್ರಕಾರ

1) ಹುಟ್ಟಿದಾಗಿನಿಂದ ಒಂದು ತಿಂಗಳು: ಎಲ್ಲ ಮರಿಗಳೂ ತಿಳಿ ಕಂದು. ತಲೆಯ ಹಿಂದೆ ಒಂದು ಕಡು ಕಂದು ಗುರುತು ಇರುತ್ತದೆ. ಈ ವಯಸ್ಸಿನಲ್ಲಿ ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳುವುದು ಬರೇ ಊಹೆ. ಮನೆ ಕೋಳಿಯಲ್ಲಿ ಹುಂಜದ ಮರಿಗೆ ಜುಟ್ಟು ಬೇಗ ಕೆಂಪಾಗುತ್ತದೆ, ಹ್ಯಾಟಿಗೆ ಸಣ್ಣದಾಗಿರುತ್ತದೆ. ನವಿಲಿಗೆ ಅಂಥ ಮಾಂಸದ ಜುಟ್ಟು ಇಲ್ಲ. ಅದಕ್ಕೇ ಕೋಳಿ ಲೆಕ್ಕ ಇಲ್ಲಿ ನಡೆಯುವುದಿಲ್ಲ.

2) ಎರಡು ಮೂರು ತಿಂಗಳು (ದಸರಾ ಹೊತ್ತಿಗೆ): ಗಂಡು ಮರಿ ನೋಡಲು ಹೆಣ್ಣಿನಂಗೇ ಇರುತ್ತದೆ. ಆದರೆ ರೆಕ್ಕಿ ಬಿಚ್ಚಿದಾಗ ತುದಿ ಗರಿಗಳಲ್ಲಿ ಕಾವಿ, ಅಂದರೆ ಇಟ್ಟಂಗಿಯಂಥ ಬಣ್ಣ ಕಾಣುತ್ತದೆ. ಹೆಣ್ಣು ಮರಿಯ ರೆಕ್ಕಿ ಕಂದು. ಇದೇ ಎಲ್ಲಕ್ಕಿಂತ ಮೊದಲು ಸಿಗುವ ಒಳ್ಳೆಯ ಗುರುತು. ಮರಿ ಸುಮ್ಮನೆ ನಿಂತಾಗ ಇದು ಕಾಣುವುದಿಲ್ಲ. ಮಣ್ಣಿನಾಗ ಉರುಳಾಡಿ ರೆಕ್ಕಿ ಝಾಡಿಸುವಾಗ, ಇಲ್ಲವೇ ಸಂಜಿಮುಂದ ಮಲಗಲು ಬೇವಿನ ಗಿಡಕ್ಕೆ ಹಾರುವಾಗ ಕಾಣುತ್ತದೆ. ನಾನು ದಿನಾ ಸಂಜಿಗೆ ಗುಡಿಸಲ ಹಿಂದೆ ಕುಳಿತು ನೋಡುತ್ತಿದ್ದೆ. ಒಂದೊಂದಾಗಿ ಹಾರುವುದರಿಂದ ಎಣಿಸಲೂ ಸುಲಭ.

3) ಐದಾರು ತಿಂಗಳು (ಎಳ್ಳ ಅಮಾಸಿ, ಸಂಕ್ರಾಂತಿ ಹೊತ್ತಿಗೆ): ಗಂಡು ಮರಿಯ ಕುತ್ತಿಗೆಯಲ್ಲಿ ನೀಲಿ ಗರಿ ಮೂಡಲು ಶುರು ಆಗುತ್ತದೆ. ಹೆಣ್ಣಿನದು ಹಸಿರಾಗಿಯೇ ಉಳಿಯುತ್ತದೆ. ಗಂಡು ಮರಿಯ ಕಾಲು ಸಾಮಾನ್ಯವಾಗಿ ಉದ್ದ.

4) ಒಂದು ವರ್ಷ: ಈಗ ಯಾರು ಬೇಕಾದರೂ ಹೇಳಬಹುದು. ಗಂಡಿನ ಕುತ್ತಿಗೆ ಪೂರ್ತಿ ನೀಲಿ. ಭುಜದ ಮೇಲೆ ಪಟ್ಟಿ ಕಾಣುತ್ತವೆ. ಆದರೆ ಉದ್ದ ಗರಿ ಇನ್ನೂ ಇಲ್ಲ.

5) ಎರಡರಿಂದ ನಾಕು ವರ್ಷ: ಎರಡನೇ ವರ್ಷದಿಂದ ಗರಿ ಬೆಳೆಯಲು ಶುರು. ಕಣ್ಣುಗಳಿರುವ ಪೂರ್ತಿ ಉದ್ದದ ಗರಿ ಬರಲು ನಾಕು ವರ್ಷ ಬೇಕು. ಮುತ್ಯಾನ ಮಾತು ಕೇಳಿ ಕಾದಿದ್ದರೆ ನಾನು ಹೈಸ್ಕೂಲ್ ಮುಗಿಸಿದ ಮ್ಯಾಲೇ ಹೋಳಿಗಿ ತಿನ್ನಬೇಕಾಗುತ್ತಿತ್ತು.

ಮೋಸ ಮಾಡುವ ಗುರುತುಗಳು

ತಲೆಯ ತುರಾಯಿ: ತುರಾಯಿ ಇದ್ದರೆ ಗಂಡು ಅಂತ ಬಹಳ ಮಂದಿ ಹೇಳುತ್ತಾರೆ. ಇದು ತಪ್ಪು. ಗಂಡು ಹೆಣ್ಣು ಎರಡಕ್ಕೂ ತುರಾಯಿ ಇರುತ್ತದೆ.

ಕುಣಿತ: ಮರಿಗಳು ಗಂಡಾಗಲಿ ಹೆಣ್ಣಾಗಲಿ ಮೋಟು ಬಾಲ ಬಿಚ್ಚಿ ಕುಣಿಯುತ್ತವೆ. ನಾನು ಮೋಸ ಹೋದದ್ದು ಇಲ್ಲೇ.

ದೊಡ್ಡ ಗಾತ್ರ: ಮೈ ದೊಡ್ಡದಿದ್ದರೆ ಗಂಡು ಅನ್ನುವುದು ಸಣ್ಣ ಮರಿಯಲ್ಲಿ ನಡೆಯುವುದಿಲ್ಲ. ಹೆಚ್ಚು ಹುಳ ಸಿಕ್ಕ ಮರಿ ದೊಡ್ಡದಾಗಿ ಕಾಣುತ್ತದೆ.

ಕುತ್ತಿಗೆಯ ಹೊಳಪು: ನವಿಲಿನ ನೀಲಿ, ಹಸಿರು ನಮ್ಮ ಸೀರಿಗೆ ಹಾಕುವ ಬಣ್ಣದಂಥದ್ದಲ್ಲ. ಗರಿಯ ಬಹಳ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹಾಗೆ ಕಾಣುತ್ತದೆ. ನಿಂತ ಜಾಗ ಬದಲಾದರೆ ಬಣ್ಣವೂ ಬದಲಾಗುತ್ತದೆ. ಆದ್ದರಿಂದ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂಗ ನಿಂತು, ಒಂದಕ್ಕಿಂತ ಹೆಚ್ಚು ಸಲ ನೋಡಬೇಕು.

ಉದ್ದ ಗರಿ ಇಲ್ಲದ್ದು ಹೆಣ್ಣು: ಇದು ದೊಡ್ಡವರೂ ಮಾಡುವ ತಪ್ಪು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ತನ್ನ ಗರಿಗಳನ್ನೆಲ್ಲ ಉದುರಿಸುತ್ತದೆ. ಮತ್ತೆ ಹೊಸದು ಬೆಳೆಯುವತನಕ ಅದು ಮೋಟು. ಆಗಲೂ ಕುತ್ತಿಗೆ ನೀಲಿ, ರೆಕ್ಕಿ ಕಾವಿ ಇದ್ದೇ ಇರುತ್ತದೆ.

ಗುರುತು ಗೊತ್ತಿದ್ದು ಏನು ಉಪಯೋಗ?

ಇದನ್ನು ನನ್ನ ಗೆಳತಿಯೂ ಕೇಳಿದಳು. ಅದಕ್ಕೆ ಉತ್ತರ ಹೋದ ವರ್ಷದ ಹಿಂಗಾರಿ ಬಿತ್ತಿಗಿ ದಿನಗಳಲ್ಲಿ ಸಿಕ್ಕಿತು.

ಒಂದು ದಿನ ಸಾಲಿ ಬಿಟ್ಟು ಬರುವಾಗ ಹಳ್ಳದ ಆಚೆ ಹೊಲದಾಗ ಮಂದಿ ಕೂಡಿದ್ದರು. ಒಂದು ನವಿಲು ಸತ್ತು ಬಿದ್ದಿತ್ತು. ಬಿತ್ತುವ ಮೊದಲು ಬೀಜಕ್ಕೆ ಔಷಧ ಹಚ್ಚುತ್ತಾರಲ್ಲ, ಆ ಬೀಜ ತಿಂದು ಸತ್ತಿರಬೇಕು ಅಂತ ದೊಡ್ಡವರು ಮಾತಾಡುತ್ತಿದ್ದರು. ಒಬ್ಬ ಕಾಕಾ, "ಹೆಣ್ಣು ನವಿಲ ಅದ, ಗರಿ ಇಲ್ಲ ನೋಡ್ರಿ" ಅಂದರು.

ನನ್ನ ಎದಿ ಧಸಕ್ ಅಂತು. ನಮ್ಮ ಹೊಲದ ತಾಯಿ ನವಿಲು ಅದೇ ಹಳ್ಳಕ್ಕೆ ನೀರಿಗೆ ಬರುತ್ತಿತ್ತು. ಮರಿಗಳಿಗೆ ಆಗ ಎರಡು ತಿಂಗಳು ಮ್ಯಾಲ ಸ್ವಲ್ಪ ದಿನ ಆಗಿತ್ತು. ತಾಯಿ ಸತ್ತರೆ ಅವುಗಳನ್ನು ರಾತ್ರಿ ಗಿಡ ಹತ್ತಿಸುವವರು ಯಾರು? ಮುಂಗಲಿ ಬಂದರೆ ಕೂಗಿ ಹೇಳುವವರು ಯಾರು? ಗಂಡು ಬಂದು ಸಾಕುವುದಿಲ್ಲ ಅಂತ ನನಗೆ ಗೊತ್ತಿತ್ತು. ಒಂದು ತಾಯಿ ಸತ್ತರೆ ಅದರ ಹಿಂದಿನ ಮರಿಗಳೂ ಹೋದಂಗೇ.

ನಾನು ಮಂದಿ ನಡುವೆ ನುಗ್ಗಿ ನೋಡಿದೆ. ಕುತ್ತಿಗೆ ಪೂರ್ತಿ ನೀಲಿ ಇತ್ತು. ಒಂದು ರೆಕ್ಕಿ ಬಿಚ್ಚಿ ಬಿದ್ದಿತ್ತು, ತುದಿಯ ಗರಿ ಕಾವಿ ಬಣ್ಣ. ಭುಜದ ಮ್ಯಾಲ ಪಟ್ಟಿ. "ಕಾಕಾ, ಇದು ಹೆಣ್ಣಲ್ಲರೀ, ಗರಿ ಉದುರಿಸಿದ ಗಂಡು ಅದರೀ" ಅಂದೆ. ಅವರು ಮತ್ತೊಮ್ಮೆ ಬಗ್ಗಿ ನೋಡಿ, "ಹೌದಲೇ, ಖರೇ ಅಂತಾಳ ಹುಡುಗಿ" ಅಂದರು.

ನನಗೆ ಸಂತೋಷ ಆಯಿತು. ಆಮ್ಯಾಲ ನಾಚಿಕೆ ಆಯಿತು. ಸತ್ತದ್ದು ನಮ್ಮ ತಾಯಿ ನವಿಲಲ್ಲ ಅಂತ ಸಂತೋಷ ಪಟ್ಟೆನಲ್ಲ, ಇದೂ ಒಂದು ಜೀವ ಅಲ್ಲೇನು ಅಂತ. ನಮ್ಮ ಸರ್ ಫೋನ್ ಮಾಡಿದ ಮ್ಯಾಲ ಅರಣ್ಯ ಇಲಾಖೆಯವರು ಬಂದು ಪಂಚನಾಮೆ ಮಾಡಿ ಒಯ್ದರು. ಸಂಜಿಗೆ ನಾನು ಗುಡಿಸಲ ಹಿಂದೆ ಕುಳಿತೆ. ಕತ್ತಲಾಗುವ ಮೊದಲು ತಾಯಿ ಬಂತು. ಅದರ ಹಿಂದ ಒಂದು, ಎರಡು, ಮೂರು. ಮೂರೂ ಬೇವಿನ ಗಿಡಕ್ಕೆ ಹಾರಿದವು. ಮೂರನೇದು ಹಾರುವಾಗ ಸೂರ್ಯನ ಕಡೆ ಬೆಳಕಿನಾಗ ರೆಕ್ಕಿ ಕೆಂಪಗ ಕಂಡಿತು.

ಅಪ್ಪನಿಗೆ ಎಲ್ಲಾ ಹೇಳಿದೆ. ಅಪ್ಪ ಅಂದ: "ಔಷಧ ಹಚ್ಚಲಿಲ್ಲ ಅಂದ್ರ ಬೀಜಕ್ಕ ರೋಗ ಬರತದ. ಹಚ್ಚೂದು ಬಿಡಾಕ ಆಗೂದಿಲ್ಲ. ಆದ್ರ ಕೂರಿಗಿ ತಿರುವೂ ಮುಂದ ಹೊಲದ ತುದ್ಯಾಗ ಬೀಜ ಮ್ಯಾಲ ಬೀಳತಾವ. ಅವನ್ನ ಮುಚ್ಚಬೇಕು. ಅದು ನಮ್ಮ ಕೈಯಾಗ ಅದ." ಮರುದಿನ ನಾನು, ಅಣ್ಣ ಇಬ್ಬರೂ ಕೂರಿಗಿ ಹಿಂದ ನಡೆದು ಮ್ಯಾಲ ಬಿದ್ದ ಬೀಜಕ್ಕೆಲ್ಲ ಮಣ್ಣು ಮುಚ್ಚಿದೆವು. ಆಮ್ಯಾಲ ಸಬಕಾರ ಹಚ್ಚಿ ಕೈ ತೊಳೆದೆವು. ನಿಮ್ಮ ಹೊಲದಾಗೂ ಇಷ್ಟು ಮಾಡಬಹುದು. ಔಷಧದ ಬೀಜದ ಖಾಲಿ ಚೀಲವನ್ನು ಬದುವಿನ ಮ್ಯಾಲ ಝಾಡಿಸಬಾರದು.

ನವಿಲು ಬೆಳಿ ತಿನ್ನುವುದಿಲ್ಲ ಅಂತ ನಾನು ಹೇಳುವುದಿಲ್ಲ. ಶೇಂಗಾ ಕೆದರುತ್ತದೆ, ಎಳೆ ಸಸಿ ಕಡಿಯುತ್ತದೆ. ಅಪ್ಪನೂ ಡಬ್ಬಿ ಬಡಿದು ಓಡಿಸುತ್ತಾನೆ. ಆದರೆ ಅದೇ ನವಿಲು ಹುಳ, ಹಲ್ಲಿ, ಸಣ್ಣ ಹಾವನ್ನೂ ತಿನ್ನುತ್ತದೆ. ಓಡಿಸುವುದು ಬೇರೆ, ಕೊಲ್ಲುವುದು ಬೇರೆ.

ಕಾಯ್ದೆ ಏನು ಹೇಳುತ್ತದೆ?

ಮರಿ ಚಂದ ಅಂತ ಹಿಡಿದು ಮನ್ಯಾಗ ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ನವಿಲು ಇದೆ. ಅದನ್ನು ಹಿಡಿದರೆ ಅಥವಾ ಕೊಂದರೆ 3ರಿಂದ 7 ವರ್ಷ ಜೈಲು ಮತ್ತು ದಂಡ. ತತ್ತಿ ತರುವುದೂ ಅಪರಾಧ. ತಾನಾಗಿ ಉದುರಿದ ಗರಿ ಆರಿಸಿ ಪುಸ್ತಕದಾಗ ಇಟ್ಟುಕೊಂಡರೆ ತಪ್ಪಿಲ್ಲ. ನಮ್ಮ ಕರ್ನಾಟಕದಲ್ಲಿ ನವಿಲಿಗಾಗಿಯೇ ಎರಡು ಧಾಮಗಳಿವೆ. ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯಲ್ಲಿ ಒಂದು (1981). ಹಾವೇರಿ ಜಿಲ್ಲೆಯ ಬಂಕಾಪುರದ ಹಳೇ ಕೋಟೆಯೊಳಗೆ ಇನ್ನೊಂದು (2006).

ಇನ್ನೊಂದು ಮಾತು

ಗಂಡು ನವಿಲಿನ ಕಣ್ಣೀರು ಕುಡಿದು ಹೆಣ್ಣು ಮರಿ ಮಾಡುತ್ತದೆ ಅಂತ ನಮ್ಮ ಆಯಿ ಹೇಳುತ್ತಿದ್ದಳು. ಅದು ಖರೇ ಅಲ್ಲ. ಕೋಳಿಯಂಗೇ ಗಂಡು ಹೆಣ್ಣು ಕೂಡಿಯೇ ಮರಿ ಆಗುತ್ತವೆ.

ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಅನ್ನುವುದು ತತ್ತಿಯೊಳಗೇ ತೀರ್ಮಾನ ಆಗಿರುತ್ತದೆ. ಈಗ ಒಂದು ಗರಿಯ ಬುಡದಿಂದ ಪ್ರಯೋಗಶಾಲೆಯಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ಸಣ್ಣ ಮರಿಯದ್ದೂ ಹೇಳುತ್ತಾರಂತೆ. ಪಕ್ಷಿಗಳಲ್ಲಿ ಇದು ತಾಯಿಯ ಕಡೆಯಿಂದ ತೀರ್ಮಾನ ಆಗುತ್ತದೆ, ಮನುಷ್ಯರಲ್ಲಿ ತಂದೆಯ ಕಡೆಯಿಂದ ಅಂತ ನಮ್ಮ ಸರ್ ಹೇಳಿದರು. ಇದನ್ನು ನಾನು ಮನ್ಯಾಗ ಗಟ್ಟಿಯಾಗಿ ಓದಿದೆ. ಹೆಣ್ಣು ಹಡೆದಳು ಅಂತ ಸೊಸೆಯನ್ನು ಬೈಯುವವರು ನಮ್ಮ ಊರಾಗೂ ಅದಾರ. ಅವರೂ ಈ ಗೋಡೆ ಹತ್ತಿರ ಬಂದು ಇದನ್ನು ಓದಬೇಕು.

ಪಂಥ ಯಾರು ಗೆದ್ದರು?

ಎಳ್ಳ ಅಮಾಸಿಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟಕ್ಕೆ ಕುಳಿತಿದ್ದೆವು. ಚೆಲ್ಲಿದ ಚರಗ ಹೆಕ್ಕಲು ತಾಯಿ ಮತ್ತು ಮೂರು ಮರಿ ಬದುವಿನ ತನಕ ಬಂದವು. ಬಿಸಿಲು ನಮ್ಮ ಬೆನ್ನ ಹಿಂದ ಇತ್ತು. ಎಲ್ಲಕ್ಕಿಂತ ಹಿಂದಿದ್ದ, ಅಂಜುಬುರುಕ ಮರಿಯ ಕುತ್ತಿಗೆಯಲ್ಲಿ ನೀಲಿ ಮೂಡಿತ್ತು. ಅದು ಗಂಡು. ಮುಂದ ಕುಂಟುತ್ತಾ ಬಂದು ಕಡಬಿನ ಚೂರಿಗೆ ಬಾಯಿ ಹಾಕಿದ ನನ್ನ ರಾಜಾನ ಕುತ್ತಿಗೆ ಹಸಿರೋ ಹಸಿರು. ರೆಕ್ಕಿ ಕಂದು. ರಾಜಾ ಹೆಣ್ಣು!

ನಾನು ಹೋಳಿಗಿ ಅಣ್ಣನ ಗಂಗಾಳಕ್ಕೆ ಹಾಕಿದೆ. ಅಂವ ಅರ್ಧ ಮುರಿದು ನನಗೇ ಕೊಟ್ಟ. ಈಗ ರಾಜಾನ ಹೆಸರು ರಾಣಿ. ಯುಗಾದಿ ತನಕ ಮೂರೂ ನಮ್ಮ ಹೊಲದಾಗೇ ಇದ್ದವು. ಆಮ್ಯಾಲ ಗಂಡು ಬೇರೆ ಕಡೆ ಹೋಯಿತು. ರಾಣಿ ಮೊನ್ನೆ ಮಿರಗಾ ಮಳೆಯಾಗ ಕುಂಟುತ್ತಾ ಬದು ದಾಟಿದ್ದನ್ನು ನೋಡಿದೆ. ಇನ್ನೂ ಒಂದೆರಡು ವರ್ಷದಾಗ ಅದೂ ಯಾವುದಾದರೂ ಕಂಟಿ ಕೆಳಗ ತತ್ತಿ ಇಡಬಹುದು. ಆಗ ನೀವು ಯಾರಾದರೂ ಕಂಡರೆ ದಯವಿಟ್ಟು ಸುತ್ತು ಹಾಕಿ ಹೋಗಿರಿ.

ನೆನಪಿಡಿ:

ಬಾಲ ನೋಡಬೇಡಿ, ರೆಕ್ಕಿ ನೋಡಿ. ಕಾವಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು.
ಅರ್ಧ ವರ್ಷದ ಮ್ಯಾಲ ಕುತ್ತಿಗೆ ನೋಡಿ. ನೀಲಿ ಗಂಡು, ಹಸಿರು ಹೆಣ್ಣು.
ತುರಾಯಿ, ಕುಣಿತ ನಂಬಬೇಡಿ.
ದೂರದಿಂದ ನೋಡಿ, ಹಿಡಿಯಬೇಡಿ.
ಔಷಧದ ಬೀಜ ಮಣ್ಣಿನಾಗ ಮುಚ್ಚಿ.

ನಿಮ್ಮ ಹೊಲದಾಗ ಎಷ್ಟು ತಾಯಿ ನವಿಲು, ಎಷ್ಟು ಮರಿ ಅದಾವ ಅಂತ ಎಣಿಸಿ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಕೂಡಿಸಿ ಈ ಗೋಡೆಗೆ ಹಚ್ಚೋಣ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ